184 ಕಾಲಂ, ಒಂದು ಪ್ರಶ್ನೆ: ಕೊರಿಲೇಷನ್ ಪಟ್ಟಿಯ ತುದಿಯಲ್ಲಿದ್ದದ್ದು ಕೊನೆವರೆಗೆ ಯಾಕೆ ಉಳಿಯಲಿಲ್ಲ

ಹಿನ್ನೆಲೆ

ಪ್ಲಾಸ್ಟಿಕ್ ಫಿಲ್ಮ್ ಮೇಲೆ ತೆಳುವಾದ ಲೇಪನ ಹಾಕುವ ಒಂದು ಕಾರ್ಖಾನೆಯ ಪ್ರಕರಣ ಇದು. ಊರು, ಹೆಸರು, ಗಿರಾಕಿಗಳು ಯಾವುದೂ ಇಲ್ಲಿ ಬರುವುದಿಲ್ಲ. ಯಂತ್ರದ ಕೆಲವು ವಿವರಗಳನ್ನೂ ಅಂಕಿಗಳನ್ನೂ ಗುರುತು ಸಿಗದ ಹಾಗೆ ಬದಲಿಸಿದ್ದೇನೆ. ಲೆಕ್ಕದ ಸ್ವಭಾವ ಮಾತ್ರ ಇದ್ದ ಹಾಗೇ ಇದೆ.

ತಂಡ ಚಿಕ್ಕದು. ಉತ್ಪಾದನಾ ಮುಖ್ಯಸ್ಥರು, ಗುಣಮಟ್ಟ ನೋಡಿಕೊಳ್ಳುವವರು, ಒಬ್ಬರು ಡೇಟಾ ವಿಶ್ಲೇಷಕಿ. ವಿಶ್ಲೇಷಣೆಯನ್ನು ಪರಿಶೀಲಿಸಲು ಹೊರಗಿನವನಾಗಿ ನಾನು ಸೇರಿಕೊಂಡೆ. ಪ್ರಶ್ನೆ ಸರಳವಾಗಿತ್ತು: ಕೆಲವು ಬ್ಯಾಚ್‌ಗಳಲ್ಲಿ ರಿಜೆಕ್ಷನ್ ಜಾಸ್ತಿ ಬರುತ್ತದೆ, ಯಾಕೆ?

ಕೈಯಲ್ಲಿದ್ದದ್ದು 140 ಬ್ಯಾಚ್‌ಗಳ ದಾಖಲೆ. ಒಂದು ಬ್ಯಾಚ್‌ಗೆ ಒಂದು ಸಾಲು. 40 ಸೆನ್ಸರ್‌ಗಳಿದ್ದವು. ಒಂದೊಂದರಿಂದಲೂ ಆ ಬ್ಯಾಚ್‌ನ ಸರಾಸರಿ, ಕನಿಷ್ಠ, ಗರಿಷ್ಠ, ಏರಿಳಿತ ಅಂತ ನಾಲ್ಕು ಕಾಲಂ ಮಾಡಿದ್ದರು. ಹಾಗೆ 160. ಇದರ ಜೊತೆ ಕಚ್ಚಾ ವಸ್ತುವಿನ ಪರೀಕ್ಷೆ, ಪಾಳಿ, ನಿಲುಗಡೆ ಇತ್ಯಾದಿ 24. ಒಟ್ಟು 184. ಕೊನೆಯಲ್ಲಿ ಒಂದು ಕಾಲಂ: ರಿಜೆಕ್ಷನ್ ಶೇಕಡಾ ಎಷ್ಟು.

ಸಾಲುಗಳಿಗಿಂತ ಕಾಲಂಗಳೇ ಜಾಸ್ತಿ. ಮುಂದೆ ನಡೆದ ಅರ್ಧ ಕಥೆಗೆ ಕಾರಣ ಇದೇ.

ಮೊದಲ ಪಟ್ಟಿ

ನಾನು ಸೇರುವ ಹೊತ್ತಿಗೆ ವಿಶ್ಲೇಷಕಿ ಎಲ್ಲರೂ ಮಾಡುವುದನ್ನೇ ಮಾಡಿದ್ದರು. ಪ್ಯಾಂಡಾಸ್ ಅನ್ನುವ ಪೈಥಾನ್ ಲೈಬ್ರರಿಯಲ್ಲಿ ಒಂದು ಸಾಲು ಬರೆದು ಇಡೀ ಟೇಬಲ್‌ಗೆ ಪಿಯರ್ಸನ್ ಕೊರಿಲೇಷನ್ ಹಾಕಿದ್ದರು, ಅಂದರೆ ಎರಡು ಕಾಲಂಗಳು ಎಷ್ಟು ಒಟ್ಟಿಗೆ ಏರಿಳಿಯುತ್ತವೆ ಅನ್ನುವುದಕ್ಕೆ ಮೈನಸ್ 1ರಿಂದ 1ರವರೆಗಿನ ಒಂದು ಅಂಕಿ. ರಿಜೆಕ್ಷನ್ ಸೇರಿ 185 ಕಾಲಂ ಅಂದರೆ 17,020 ಜೋಡಿ. ಅದಕ್ಕೊಂದು ಹೀಟ್‌ಮ್ಯಾಪ್. 34 ಸಾವಿರ ಚಿಕ್ಕ ಚೌಕಗಳು. ಕೆಂಪು, ನೀಲಿ ಬಣ್ಣದ ರಂಗೋಲಿಯ ಹಾಗೆ ಚೆನ್ನಾಗಿತ್ತು. ಅದರಿಂದ ಓದಿಕೊಳ್ಳಬಹುದಾದ್ದು ಮಾತ್ರ ಏನೂ ಇರಲಿಲ್ಲ.

ಮುಖ್ಯಸ್ಥರಿಗೆ ಹೀಟ್‌ಮ್ಯಾಪ್ ಬೇಕಾಗಿರಲಿಲ್ಲ. "ಮೇಡಂ, ಮೇಲಿನ ಹತ್ತು ಹೇಳಿಬಿಡಿ, ಅದನ್ನು ಸರಿ ಮಾಡ್ತೀವಿ" ಅಂದರು. ಕೇಳಿದ್ದರಲ್ಲಿ ತಪ್ಪೇನಿಲ್ಲ. ಅವರು ಯಂತ್ರ ನಡೆಸುವವರು. ಅವರಿಗೆ ಬೇಕಾದ್ದು ತಿರುಗಿಸಬೇಕಾದ ಗುಂಡಿ. ವಿಶ್ಲೇಷಕಿ ರಿಜೆಕ್ಷನ್ ಜೊತೆಗಿನ ಕೊರಿಲೇಷನ್‌ಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ ಮೇಲಿನ ಹತ್ತನ್ನು ತೆಗೆದಿಟ್ಟರು.

ಆ ಹತ್ತನ್ನು ನಾವು ಒಂದೊಂದಾಗಿ ಬಿಚ್ಚಿ ನೋಡಿದೆವು. ಈ ಪ್ರಕರಣದಲ್ಲಿ ತುಂಬಾ ಕಲಿಸಿದ ಭಾಗ ಅದೇ, ಹಾಗಾಗಿ ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗುತ್ತೇನೆ.

ಮೊದಲ ಸ್ಥಾನದಲ್ಲಿದ್ದದ್ದು 0.93. ಕಾಲಂ ಹೆಸರು ನೋಡಿದರೆ ಮರುಕೆಲಸದ ನಿಮಿಷಗಳು. ರಿಜೆಕ್ಷನ್ ಆದ ಮೇಲೆ ತಾನೇ ಮರುಕೆಲಸ ಮಾಡುವುದು? ಇದು ಕಾರಣ ಅಲ್ಲ, ಪರಿಣಾಮ. ಗುಜರಿಗೆ ಹೋದ ತೂಕವೂ ಅದೇ ಜಾತಿ. ಇಂಥವು ಒಟ್ಟು ಆರು ಸಿಕ್ಕವು. ಕಂಪ್ಯೂಟರ್‌ಗೆ ಇದು ಗೊತ್ತಾಗುವುದಿಲ್ಲ. ಅದಕ್ಕೆ ಎಲ್ಲವೂ ಬರೀ ಅಂಕಿಯ ಕಾಲಂಗಳೇ. ಬ್ಯಾಚ್ ಶುರುವಾಗುವ ಮೊದಲು ಗೊತ್ತಿರುವುದು ಯಾವುದು, ನಡೆಯುವಾಗ ಅಳೆದದ್ದು ಯಾವುದು, ಮುಗಿದ ಮೇಲೆ ಬರೆದದ್ದು ಯಾವುದು ಅಂತ ಪ್ರತಿ ಕಾಲಂ ಎದುರಿಗೆ ಗುರುತು ಹಾಕಿದೆವು. ಬೇಸರದ ಕೆಲಸ. ಆದರೆ ಇಡೀ ಯೋಜನೆಯಲ್ಲಿ ಇಷ್ಟು ಲಾಭ ಕೊಟ್ಟ ಕೆಲಸ ಇನ್ನೊಂದಿಲ್ಲ.

ಮುಂದಿನದು ಇನ್ನೂ ವಿಚಿತ್ರ. ಓವನ್‌ನ ಎರಡು ಬೇರೆ ಬೇರೆ ವಲಯದ ತಾಪಮಾನಗಳ ನಡುವೆ 0.99ಕ್ಕಿಂತ ಜಾಸ್ತಿ ಕೊರಿಲೇಷನ್ ಕಾಣಿಸುತ್ತಿತ್ತು. ಎರಡೂ ಪಟ್ಟಿಯಲ್ಲಿ ಅಕ್ಕಪಕ್ಕ ಕೂತಿದ್ದವು. ಚುಕ್ಕಿ ಚಿತ್ರ ಹಾಕಿ ನೋಡಿದರೆ 136 ಚುಕ್ಕಿಗಳು ಬಲಗಡೆ ಮೇಲಿನ ಮೂಲೆಯಲ್ಲಿ ಒಂದೇ ಮಚ್ಚೆಯಾಗಿ ಕೂತಿವೆ. ಉಳಿದ ನಾಲ್ಕು ಎಡಗಡೆ ಕೆಳಗೆ, ಎಲ್ಲೋ ದೂರದಲ್ಲಿ. ಆ ನಾಲ್ಕು ಬ್ಯಾಚ್‌ಗಳಲ್ಲಿ ತಾಪಮಾನ ಮೈನಸ್ 999. ಓವನ್ ಅಷ್ಟು ತಣ್ಣಗಾಗಲು ಸಾಧ್ಯವೇ ಇಲ್ಲ, ಅಲ್ವಾ? ಭೌತಶಾಸ್ತ್ರದಲ್ಲೇ ಮೈನಸ್ 273.15 ಡಿಗ್ರಿಗಿಂತ ಕೆಳಗೆ ಏನೂ ಇಲ್ಲ. ಸೆನ್ಸರ್‌ನ ಸಂಪರ್ಕ ತಪ್ಪಿದಾಗ ಆ ವ್ಯವಸ್ಥೆ ಬರೆಯುವ ಸಂಕೇತ ಅದು. ಎರಡೂ ಸೆನ್ಸರ್ ಒಂದೇ ಕೇಬಲ್ ಮೇಲಿದ್ದವು, ಒಟ್ಟಿಗೆ ಸತ್ತವು. ಪಿಯರ್ಸನ್ ಅಂಕಿ ಸರಾಸರಿಯಿಂದ ಎಷ್ಟು ದೂರ ಅನ್ನುವುದನ್ನು ಗುಣಿಸಿ ಕೂಡಿಸುತ್ತದೆ. ಒಂದು ಸಾವಿರ ಡಿಗ್ರಿ ದೂರ ಇರುವ ನಾಲ್ಕು ಚುಕ್ಕಿಗಳ ಮುಂದೆ ಉಳಿದ 136ರ ಮಾತು ಕೇಳಿಸುವುದೇ ಇಲ್ಲ. ಆ ನಾಲ್ಕನ್ನು ಖಾಲಿ ಅಂತ ಗುರುತಿಸಿ ಮತ್ತೆ ಲೆಕ್ಕ ಹಾಕಿದಾಗ ಕೊರಿಲೇಷನ್ 0.2ರ ಕೆಳಗೆ ಬಂತು.

ಒಂಬತ್ತು ಕಾಲಂಗಳಲ್ಲಿ ಎಲ್ಲ ಬ್ಯಾಚ್‌ಗೂ ಒಂದೇ ಬೆಲೆ ಇತ್ತು. ಏರಿಳಿತವೇ ಇಲ್ಲದಿದ್ದರೆ ಕೊರಿಲೇಷನ್ ಲೆಕ್ಕದಲ್ಲಿ ಸೊನ್ನೆಯಿಂದ ಭಾಗಿಸಬೇಕಾಗುತ್ತದೆ, ಉತ್ತರ ಖಾಲಿ ಬರುತ್ತದೆ. ಅವನ್ನು ತೆಗೆದೆವು. ಯಂತ್ರದ ಆಪರೇಟರ್‌ಗೆ ಕೊಟ್ಟ ಸಂಖ್ಯೆ 1ರಿಂದ 6ರವರೆಗೆ ಇತ್ತು, ಅದನ್ನೂ ಅಂಕಿ ಅಂದುಕೊಂಡು ಲೆಕ್ಕ ಮಾಡಿತ್ತು. ಆರನೇ ಆಪರೇಟರ್ ಎರಡನೆಯವರಿಗಿಂತ ಮೂರು ಪಟ್ಟು ದೊಡ್ಡವರೇನಲ್ಲ. ಅಂಥ ಹೆಸರಿನ ಕಾಲಂಗಳನ್ನು ಪ್ರತಿ ಗುಂಪಿನ ಸರಾಸರಿ ರಿಜೆಕ್ಷನ್ ಹೋಲಿಸಿ ಬೇರೆಯಾಗಿ ನೋಡಿದೆವು. ಅಲ್ಲಿ ಹೇಳುವಂಥದ್ದೇನೂ ಸಿಗಲಿಲ್ಲ.

ಖಾಲಿ ಮನೆಗಳು ಮಾಡಿದ ಮೋಸ

ಇಷ್ಟೆಲ್ಲ ತೊಳೆದ ಮೇಲೂ ಪಟ್ಟಿಯ ಮೇಲ್ಭಾಗದಲ್ಲಿ ಒಂದು ವಿಷಯ ಕಣ್ಣಿಗೆ ಹೊಡೆಯುತ್ತಿತ್ತು. ಮೇಲಿನ ಹತ್ತರಲ್ಲಿ ಆರು ಒಂದೇ ಜಾಗದಿಂದ ಬಂದಿದ್ದವು. ಆಮೇಲೆ ಕೂರಿಸಿದ ಏಳು ಹೊಸ ಸೆನ್ಸರ್‌ಗಳ ಕಾಲಂಗಳು ಅವು. ಏಳು ಸೆನ್ಸರ್ ಅಂದರೆ 28 ಕಾಲಂ. ಅವುಗಳಲ್ಲಿ ಕೊನೆಯ 45 ಬ್ಯಾಚ್‌ಗಳಿಗೆ ಮಾತ್ರ ಅಂಕಿ ಇತ್ತು. ಉಳಿದದ್ದೆಲ್ಲ ಖಾಲಿ.

ಪ್ಯಾಂಡಾಸ್ ಇಂಥ ಕಡೆ ಸುಮ್ನೆ ಮುಂದೆ ಹೋಗುತ್ತದೆ. ಪ್ರತಿ ಜೋಡಿಗೂ ಎರಡೂ ಕಡೆ ಅಂಕಿ ಇರುವ ಸಾಲುಗಳನ್ನು ಮಾತ್ರ ಆರಿಸಿಕೊಂಡು ಲೆಕ್ಕ ಮಾಡುತ್ತದೆ. ಎಚ್ಚರಿಕೆ ಏನೂ ಕೊಡುವುದಿಲ್ಲ. ಅಂಕಿಅಂಶಕ್ಕೆ ಬಳಸುವ ಆರ್ ಭಾಷೆಯಲ್ಲಿ ಬೇರೆ ಸೂಚನೆ ಕೊಡದಿದ್ದರೆ ಇಂಥ ಜೋಡಿಗೆ ಉತ್ತರವೇ ಬರುವುದಿಲ್ಲ. ಅದು ಕಿರಿಕಿರಿ ಅನ್ನಿಸುತ್ತದೆ, ಆದರೆ ಕನಿಷ್ಠ ನಾವು ನಿಂತು ಯೋಚಿಸುವ ಹಾಗೆ ಮಾಡುತ್ತದೆ.

ಇದರಿಂದ ಏನಾಗುತ್ತದೆ ಅಂದರೆ, 140 ಬ್ಯಾಚ್‌ಗಳಲ್ಲಿ ಸುಮ್ನೆ ಅದೃಷ್ಟಕ್ಕೆ 0.17 ದಾಟುವುದು ಇಪ್ಪತ್ತರಲ್ಲಿ ಒಂದು ಸಲ. 45 ಬ್ಯಾಚ್‌ಗಳಲ್ಲಿ ಅದೇ ಇಪ್ಪತ್ತರಲ್ಲಿ ಒಂದು ಸಲ 0.29 ದಾಟುತ್ತದೆ. ಅಂದರೆ ಡೇಟಾ ಕಡಿಮೆ ಇರುವ ಕಾಲಂ ದೊಡ್ಡ ಅಂಕಿ ತೋರಿಸುವ ಸಾಧ್ಯತೆ ಜಾಸ್ತಿ. ಎಲ್ಲವನ್ನೂ ಒಂದೇ ಪಟ್ಟಿಯಲ್ಲಿ ದೊಡ್ಡದು ಮೇಲೆ ಅಂತ ಜೋಡಿಸಿದರೆ, ನಮಗೆ ಕಡಿಮೆ ಗೊತ್ತಿರುವ ಕಾಲಂಗಳೇ ಮೇಲಕ್ಕೆ ತೇಲಿ ಬರುತ್ತವೆ. ಪಟ್ಟಿ ಅಜ್ಞಾನಕ್ಕೆ ಬಹುಮಾನ ಕೊಡುತ್ತದೆ ಅಂತ ನಾನು ತಮಾಷೆ ಮಾಡಿದ್ದೆ. ವಿಶ್ಲೇಷಕಿಗೆ ನಗು ಬರಲಿಲ್ಲ, ಆ ಪಟ್ಟಿ ಆಗಲೇ ಮೇಲ್ ಆಗಿ ಹೋಗಿತ್ತು.

ಇನ್ನೊಂದು ತೊಂದರೆ ಆಮೇಲೆ ಬಂತು. ಅದೇ ಟೇಬಲ್ ಮೇಲೆ ಅವರು ಮುಖ್ಯ ಘಟಕ ವಿಶ್ಲೇಷಣೆ (ಹಲವು ಕಾಲಂಗಳನ್ನು ಕೆಲವೇ ಸಂಯುಕ್ತ ಕಾಲಂಗಳಿಗೆ ಇಳಿಸುವ ಲೆಕ್ಕ) ಮಾಡಲು ಹೋದಾಗ ಕೆಲವು ಐಗನ್ ಬೆಲೆಗಳು, ಅಂದರೆ ಒಂದೊಂದು ಸಂಯುಕ್ತ ಕಾಲಂನ ಏರಿಳಿತದ ಅಳತೆಗಳು, ಸ್ಪಷ್ಟವಾಗಿ ಋಣಾತ್ಮಕ ಬಂದವು. ನಿಜವಾದ ಕೊರಿಲೇಷನ್ ಟೇಬಲ್‌ನಲ್ಲಿ ಇದು ಆಗುವ ಹಾಗೇ ಇಲ್ಲ. ಪ್ರತಿ ಚೌಕವನ್ನೂ ಬೇರೆ ಬೇರೆ ಸಾಲುಗಳಿಂದ ಲೆಕ್ಕ ಹಾಕಿದ್ದರಿಂದ ಚೌಕಗಳು ಒಂದಕ್ಕೊಂದು ಹೊಂದುವುದಿಲ್ಲ. ಸಮೀಪದ ಸರಿಯಾದ ಟೇಬಲ್‌ಗೆ ತಿದ್ದುವ ವಿಧಾನಗಳಿವೆ. ಆದರೆ ಇಲ್ಲಿ ತಿದ್ದುವುದಕ್ಕಿಂತ ಬೇರೆ ಮಾಡುವುದೇ ಸರಿ ಅನ್ನಿಸಿತು. 28 ಕಾಲಂಗಳನ್ನು ಪಕ್ಕಕ್ಕಿಟ್ಟೆವು. ಒಂದು ಜೋಡಿಗೆ ಕನಿಷ್ಠ ಇಷ್ಟು ಸಾಲು ಇರಲೇಬೇಕು ಅನ್ನುವ ಮಿತಿಯನ್ನೂ ಹಾಕಿದೆವು. ಪ್ಯಾಂಡಾಸ್‌ನಲ್ಲಿ ಅದಕ್ಕೆ ಮಿನ್ ಪೀರಿಯಡ್ಸ್ ಅಂತ ಒಂದು ಆಯ್ಕೆ ಇದೆ, ಬಳಸುವವರು ಕಡಿಮೆ.

ಈಗ ಉಳಿದದ್ದು 141 ಕಾಲಂ.

ಕಲಸಿ ನೋಡಿದಾಗ

ಹೊಸ ಪಟ್ಟಿಯ ತುದಿಯಲ್ಲಿ 0.46 ಇತ್ತು. ಓವನ್‌ನ ಎರಡನೇ ವಲಯದ ತಾಪಮಾನ. ಅದರ ಹಿಂದೆ 0.44, 0.43, 0.41. ಪಿ ಬೆಲೆಗಳೆಲ್ಲ ತೀರಾ ಚಿಕ್ಕವು, ಅಂದರೆ ಸಂಬಂಧ ಇಲ್ಲದಿದ್ದರೂ ಬರೀ ಅದೃಷ್ಟಕ್ಕೆ ಇಷ್ಟು ದೊಡ್ಡ ಅಂಕಿ ಬರುವ ಸಾಧ್ಯತೆ ತೀರಾ ಕಡಿಮೆ. ಮುಖ್ಯಸ್ಥರು ಓವನ್ ತಂತ್ರಜ್ಞರನ್ನು ಕರೆಸುವ ಮಾತಾಡಿದರು.

ಇಲ್ಲಿ ನಾವು ಸ್ವಲ್ಪ ತಡೆಯಲು ಕೇಳಿಕೊಂಡೆವು. 141 ಕಾಲಂಗಳನ್ನು ಒಂದು ರಿಜೆಕ್ಷನ್ ಎದುರಿಗೆ ಪರೀಕ್ಷಿಸಿದರೆ, ಯಾವುದಕ್ಕೂ ಏನೂ ಸಂಬಂಧ ಇಲ್ಲದಿದ್ದರೂ ಶೇಕಡಾ 5ರ ಅಳತೆಯಲ್ಲಿ ಸರಾಸರಿ ಏಳು ಕಾಲಂ ಪಾಸಾಗುತ್ತವೆ. ಇದು ಎಲ್ಲರೂ ಬಾಯಲ್ಲಿ ಹೇಳುವ ಮಾತು. ಕಣ್ಣಿಂದ ನೋಡಿದರೆ ಅದರ ತೂಕ ಬೇರೆ.

ಹಾಗಾಗಿ ರಿಜೆಕ್ಷನ್ ಕಾಲಂ ಒಂದನ್ನು ಮಾತ್ರ ಎತ್ತಿ, ಅದರ ಅಂಕಿಗಳನ್ನು ಕಲಸಿ ಬೇರೆ ಬೇರೆ ಬ್ಯಾಚ್‌ಗಳಿಗೆ ಹಂಚಿದೆವು. ಉಳಿದ ಕಾಲಂಗಳನ್ನು ಮುಟ್ಟಲಿಲ್ಲ, ಅವುಗಳ ನಡುವಿನ ನಂಟು ಹಾಗೇ ಇರಬೇಕು. ಈಗ ಸಂಬಂಧ ಇರುವುದಕ್ಕೆ ಸಾಧ್ಯವೇ ಇಲ್ಲ. ಆದರೂ ಅದೇ ಕೋಡ್ ಓಡಿಸಿ ಅದೇ ಮೇಲಿನ ಹತ್ತನ್ನು ತೆಗೆದೆವು. ತುದಿಯಲ್ಲಿ 0.25 ಬಂತು. ಪಿ ಬೆಲೆ 0.003. ಇನ್ನೊಮ್ಮೆ ಕಲಸಿದರೆ ಇನ್ಯಾವುದೋ ಕಾಲಂ ತುದಿಗೆ ಬಂತು, ಅದಕ್ಕೂ ಒಂದು ಕಥೆ ಹೆಣೆಯಬಹುದಾಗಿತ್ತು. ಸಾವಿರ ಸಲ ಹೀಗೆ ಮಾಡಿ, ಪ್ರತಿ ಸಲ ತುದಿಯಲ್ಲಿ ಬಂದ ಅಂಕಿಯನ್ನು ಬರೆದುಕೊಳ್ಳುತ್ತಾ ಹೋದರೆ ನಮ್ಮ ಡೇಟಾಕ್ಕೇ ಹೊಂದುವ ಗೆರೆ ಸಿಗುತ್ತದೆ. ಇಲ್ಲಿ ನೂರಕ್ಕೆ 95 ಸಲ ತುದಿಯ ಅಂಕಿ 0.28ರ ಒಳಗೇ ಇತ್ತು.

ಈ ಕಸರತ್ತಿನ ಒಳ್ಳೆಯ ಗುಣ ಏನೆಂದರೆ, ಅಂಕಿಅಂಶ ಓದದವರಿಗೂ ಅರ್ಥ ಆಗುತ್ತದೆ. ಕಲಸಿದ ಡೇಟಾದ ಪಟ್ಟಿಯನ್ನು ನೋಡಿ ಮುಖ್ಯಸ್ಥರು "ಇದರಲ್ಲೂ ಹತ್ತು ಬಂತಲ್ಲ" ಅಂದರು. ಪರೀಕ್ಷೆಗಳು ಜಾಸ್ತಿಯಾದಷ್ಟೂ ಗೆರೆ ಬಿಗಿ ಮಾಡುವ ಬೊನ್‌ಫೆರೋನಿ ವಿಧಾನದ ಬಗ್ಗೆ ಎಷ್ಟು ವಿವರಿಸಿದ್ದರೂ ಆ ಮಾತು ಬರುತ್ತಿರಲಿಲ್ಲ.

ಆದರೆ 0.46 ಈ ಗೆರೆಗಿಂತ ಎಷ್ಟೋ ಮೇಲಿತ್ತು. ಓವನ್ ಗೆದ್ದಿತು ಅಂತಲೇ ಎಲ್ಲರೂ ತಿಳಿದರು.

ಯಂತ್ರದ ಸರ್ವೀಸ್

ತಿರುವು ಬಂದದ್ದು ಒಂದು ಮಾಮೂಲಿ ಚಿತ್ರದಿಂದ. ಓವನ್ ತಾಪಮಾನವನ್ನು ರಿಜೆಕ್ಷನ್ ಎದುರಿಗೆ ಹಾಕುವ ಬದಲು, ಎರಡನ್ನೂ ಬ್ಯಾಚ್ ಸಂಖ್ಯೆಯ ಎದುರಿಗೆ ಹಾಕಿದೆವು. ಎಡದಿಂದ ಬಲಕ್ಕೆ ಕಾಲ ಹರಿಯುತ್ತದೆ. 83ನೇ ಬ್ಯಾಚ್‌ವರೆಗೆ ತಾಪಮಾನ ಒಂದು ಮಟ್ಟದಲ್ಲಿದೆ, 84ರಿಂದ ಮೆಟ್ಟಿಲು ಇಳಿದ ಹಾಗೆ ಇನ್ನೊಂದು ಮಟ್ಟದಲ್ಲಿದೆ. ರಿಜೆಕ್ಷನ್ ಕೂಡ ಅದೇ ಜಾಗದಲ್ಲಿ ಮೆಟ್ಟಿಲು ಇಳಿದಿದೆ.

ಗುಣಮಟ್ಟದವರು ನೋಡಿದ ಕೂಡಲೇ ಹೇಳಿದರು: ಅಲ್ಲಿ ಯಂತ್ರ ನಿಲ್ಲಿಸಿ ಸರ್ವೀಸ್ ಮಾಡಿದ್ದರು. ಸವೆದ ರೋಲರ್ ಬದಲಾಯಿಸಿದ್ದರು. ಅದೇ ಹೊತ್ತಿಗೆ ಓವನ್ ಸೆಟ್ಟಿಂಗ್ ಇಳಿಸಿದ್ದರು, ಫ್ಯಾನ್ ವೇಗ ಬದಲಿಸಿದ್ದರು, ಲೈನ್ ವೇಗವನ್ನೂ ಮುಟ್ಟಿದ್ದರು. ರಿಜೆಕ್ಷನ್ ಕಡಿಮೆ ಆದದ್ದು ರೋಲರ್‌ನಿಂದಲೋ, ಓವನ್‌ನಿಂದಲೋ, ಎರಡರಿಂದಲೋ ಈ ಡೇಟಾ ಹೇಳಲಾರದು. ಅವತ್ತು ಬದಲಾದ ಎಲ್ಲ ಕಾಲಂಗಳೂ ಒಂದರ ಜೊತೆ ಒಂದು, ರಿಜೆಕ್ಷನ್ ಜೊತೆಯೂ ಒಂದು ನಂಟು ತೋರಿಸುತ್ತವೆ. ತುದಿಯಲ್ಲಿದ್ದ ಎಂಟೂ ಕಾಲಂಗಳು ಅಂಥವೇ.

ಪರೀಕ್ಷೆ ಸುಲಭ. ಸರ್ವೀಸ್‌ಗೆ ಮುಂಚಿನ 83 ಬ್ಯಾಚ್‌ಗಳೊಳಗೆ ಓವನ್ ತಾಪಮಾನಕ್ಕೂ ರಿಜೆಕ್ಷನ್‌ಗೂ ಕೊರಿಲೇಷನ್ 0.06. ಆಮೇಲಿನ 57ರೊಳಗೆ ಮೈನಸ್ 0.03. ಎರಡು ಗುಂಪಿನ ಒಳಗೂ ಏನೂ ಇಲ್ಲ. ಒಟ್ಟು ಸೇರಿಸಿದಾಗ ಮಾತ್ರ 0.46.

ಕಾಲದ ಜೊತೆ ಚಲಿಸುವ ಎರಡು ಸಾಲುಗಳು ಸಂಬಂಧವಿಲ್ಲದಿದ್ದರೂ ದೊಡ್ಡ ಕೊರಿಲೇಷನ್ ತೋರಿಸುತ್ತವೆ ಅನ್ನುವುದನ್ನು ಜಾರ್ಜ್ ಉಡ್ನಿ ಯೂಲ್ 1926ರಲ್ಲೇ ಬರೆದಿದ್ದರು. ನೂರು ವರ್ಷದ ಹಳೆಯ ಪಾಠ. ಆದರೂ ನಮ್ಮ ಕಲಸುವ ಪರೀಕ್ಷೆ ಇದನ್ನು ಹಿಡಿಯಲಿಲ್ಲ, ಯಾಕೆ? ಕಲಸುವಾಗ ಕಾಲದ ಕ್ರಮವೂ ಚೆಲ್ಲಾಪಿಲ್ಲಿ ಆಗುತ್ತದೆ. ಪಕ್ಕಪಕ್ಕದ ಬ್ಯಾಚ್‌ಗಳು ಒಂದನ್ನೊಂದು ಹೋಲುತ್ತವೆ ಅನ್ನುವ ಗುಣವೇ ಹೋಗುತ್ತದೆ. 140 ಬ್ಯಾಚ್ ಅಂದರೆ 140 ಸ್ವತಂತ್ರ ಸಾಕ್ಷಿಗಳು ಅಂತ ಅದು ನಂಬುತ್ತದೆ. ನಿಜದಲ್ಲಿ ಅಷ್ಟು ಸಾಕ್ಷಿಗಳಿರಲಿಲ್ಲ. ಕಲಸುವ ಬದಲು ರಿಜೆಕ್ಷನ್ ಕಾಲಂ ಅನ್ನು ಇಡಿಯಾಗಿ ಕೆಲವು ಬ್ಯಾಚ್ ಮುಂದಕ್ಕೆ ಸರಿಸಿ, ಕೊನೆಯಲ್ಲಿ ಹೊರಗೆ ಬಿದ್ದದ್ದನ್ನು ಮೊದಲಿಗೆ ಸೇರಿಸಿ ಅದೇ ಲೆಕ್ಕ ಮಾಡಿದೆವು. ಹೀಗೆ ಮಾಡಿದರೆ ಕ್ರಮ ಉಳಿಯುತ್ತದೆ, ಜೋಡಿ ಮಾತ್ರ ತಪ್ಪುತ್ತದೆ. ಗೆರೆ 0.28ರಿಂದ 0.44ಕ್ಕೆ ಏರಿತು. ಅಲ್ಲಿಯವರೆಗೆ ಭಾರಿ ಅನ್ನಿಸಿದ್ದ 0.46 ಈಗ ಗಡಿಯಲ್ಲಿ ನಿಂತಿತ್ತು.

ಓವನ್ ತಂತ್ರಜ್ಞರನ್ನು ಕರೆಸುವುದು ನಿಂತಿತು. ಮುಖ್ಯಸ್ಥರಿಗೆ ಸ್ವಲ್ಪ ಅಸಮಾಧಾನ ಆಯಿತು, ಅದು ಸಹಜ. ಕೈಗೆ ಬಂದ ಉತ್ತರ ತಿರುಗಿ ಪ್ರಶ್ನೆ ಆಯಿತು.

ಅಲ್ಲಿಂದ ಮುಂದೆ ಪ್ರತಿ ಕಾಲಂನಿಂದಲೂ, ರಿಜೆಕ್ಷನ್‌ನಿಂದಲೂ ಆಯಾ ಕಾಲದ ಸರಾಸರಿಯನ್ನು ಕಳೆದು ಕೆಲಸ ಮಾಡಿದೆವು. ಸರ್ವೀಸ್‌ಗೆ ಮುಂಚಿನವಕ್ಕೆ ಆಗಿನ ಸರಾಸರಿ, ಆಮೇಲಿನವಕ್ಕೆ ಆಮೇಲಿನದು. ಆಗ ಮೆಟ್ಟಿಲು ಮಾಯವಾಗುತ್ತದೆ. ಮೆಟ್ಟಿಲಿನ ಮೇಲೆ ಕೂತು ನಡೆಯುವ ಏರಿಳಿತ ಮಾತ್ರ ಉಳಿಯುತ್ತದೆ.

ಮೂವತ್ಮೂರು ಚಿತ್ರಗಳು

ಇಷ್ಟಾದರೂ 141 ಕಾಲಂ ಜಾಸ್ತಿಯೇ. ಆದರೆ ಅವು ನಿಜಕ್ಕೂ 141 ವಿಷಯಗಳಾ? ಒಂದೇ ಸೆನ್ಸರ್‌ನ ಸರಾಸರಿ, ಕನಿಷ್ಠ, ಗರಿಷ್ಠ ಮೂರೂ ಒಟ್ಟಿಗೇ ಏರುತ್ತವೆ, ಒಟ್ಟಿಗೇ ಇಳಿಯುತ್ತವೆ. ಓವನ್‌ನ ಅಕ್ಕಪಕ್ಕದ ವಲಯಗಳೂ ಹಾಗೇ.

ಎರಡು ಕಾಲಂಗಳ ನಡುವಿನ ದೂರ ಅಂದರೆ 1ರಿಂದ ಕೊರಿಲೇಷನ್‌ನ ಗಾತ್ರ ಕಳೆದದ್ದು ಅಂತ ಇಟ್ಟುಕೊಂಡು ಗುಂಪು ಮಾಡಿದೆವು. ಚಿಹ್ನೆ ಬಿಟ್ಟು ಗಾತ್ರ ಮಾತ್ರ, ಯಾಕೆಂದರೆ ಒಂದು ಏರಿದಾಗ ಇನ್ನೊಂದು ಇಳಿದರೂ ಅವು ಹೇಳುವ ವಿಷಯ ಒಂದೇ. ಸರಾಸರಿ 0.7ಕ್ಕಿಂತ ಜಾಸ್ತಿ ನಂಟಿರುವವು ಒಂದು ಗುಂಪಿಗೆ ಬಂದವು. 141 ಕಾಲಂ 33 ಗುಂಪುಗಳಾದವು. ಈ ಹಂತದಲ್ಲಿ ರಿಜೆಕ್ಷನ್ ಕಾಲಂ ಅನ್ನು ಬೇಕಂತಲೇ ಹೊರಗಿಟ್ಟಿದ್ದೆವು. ರಿಜೆಕ್ಷನ್ ನೋಡಿಕೊಂಡು ಗುಂಪಿನ ಪ್ರತಿನಿಧಿಯನ್ನು ಆರಿಸಿದರೆ ಬಾಗಿಲಲ್ಲಿ ಓಡಿಸಿದ ಮೋಸ ಕಿಟಕಿಯಲ್ಲಿ ಒಳಗೆ ಬರುತ್ತದೆ. ಪ್ರತಿ ಗುಂಪಿನಿಂದ ಯಾವುದನ್ನು ಇಟ್ಟುಕೊಳ್ಳಬೇಕು ಅಂತ ತೀರ್ಮಾನಿಸಿದ್ದು ಉತ್ಪಾದನೆಯವರು. ಯಾವುದನ್ನು ಯಂತ್ರದಲ್ಲಿ ನೇರವಾಗಿ ಬದಲಿಸಬಹುದೋ ಅದನ್ನು ಇಟ್ಟುಕೊಂಡರು.

33ಕ್ಕೆ ಇಳಿದದ್ದರಿಂದ ಎರಡು ಅನುಕೂಲ ಆದವು. ಒಂದು ಲೆಕ್ಕದ್ದು. ಬೆಂಜಮಿನಿ ಮತ್ತು ಹಾಕ್‌ಬರ್ಗ್ 1995ರಲ್ಲಿ ಕೊಟ್ಟ ವಿಧಾನವನ್ನು ಬಳಸಿದೆವು. ಪಿ ಬೆಲೆಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿ, ಒಂದೊಂದಕ್ಕೂ ಅದರ ಸ್ಥಾನಕ್ಕೆ ತಕ್ಕ ಹಾಗೆ ಸಡಿಲವಾಗುವ ಗೆರೆ ಹಾಕುತ್ತಾರೆ. ಆರಿಸಿದವುಗಳಲ್ಲಿ ಸುಳ್ಳಿನ ಪಾಲು ಸರಾಸರಿ ಹತ್ತರಲ್ಲಿ ಒಂದನ್ನು ಮೀರಬಾರದು ಅಂತ ಇಟ್ಟೆವು. ಬೊನ್‌ಫೆರೋನಿ ಇನ್ನೂ ಬಿಗಿ. ಒಂದು ಸುಳ್ಳೂ ನುಸುಳಬಾರದು ಅನ್ನುವ ಕಡೆ ಅದು ಸರಿ. ಇಲ್ಲಿ ನಾವು ಮುಂದೆ ಪರೀಕ್ಷಿಸಲು ಅಭ್ಯರ್ಥಿಗಳನ್ನು ಹುಡುಕುತ್ತಿದ್ದೆವು, ಒಂದಿಷ್ಟು ಸುಳ್ಳು ಬಂದರೆ ನಷ್ಟ ಇಲ್ಲ. ಎರಡು ಪಾಸಾದವು: ಒಳಗೆ ಬರುವ ಫಿಲ್ಮ್‌ನ ತೇವಾಂಶ 0.31, ಬಿಚ್ಚುವ ರೋಲ್‌ನ ಎಳೆತದ ಏರಿಳಿತ 0.25.

ಇನ್ನೊಂದು ಅನುಕೂಲವೇ ದೊಡ್ಡದು ಅಂತ ನನ್ನ ಅಭಿಪ್ರಾಯ. 33 ಚಿತ್ರಗಳನ್ನು ಒಬ್ಬ ಮನುಷ್ಯ ಕೂತು ನೋಡಬಹುದು. 184 ಆಗುವುದಿಲ್ಲ, 17 ಸಾವಿರವಂತೂ ಇಲ್ಲವೇ ಇಲ್ಲ. ಫ್ರಾನ್ಸಿಸ್ ಆನ್ಸ್‌ಕೊಂಬ್ 1973ರಲ್ಲಿ ನಾಲ್ಕು ಚಿಕ್ಕ ಡೇಟಾ ಸೆಟ್‌ಗಳನ್ನು ತೋರಿಸಿದ್ದರು. ನಾಲ್ಕಕ್ಕೂ ಕೊರಿಲೇಷನ್ 0.816. ಚಿತ್ರ ಹಾಕಿದರೆ ಒಂದು ಸಾಧಾರಣ ಚದುರಿದ ಗೆರೆ, ಒಂದು ಬಿಲ್ಲು, ಉಳಿದ ಎರಡರಲ್ಲಿ ಒಂದೊಂದು ಚುಕ್ಕಿ ಇಡೀ ಆಟ ಕೆಡಿಸಿದೆ. ನಾವು 33ನ್ನೂ ಗೋಡೆಗೆ ಅಂಟಿಸಿ ನೋಡುತ್ತಾ ಹೋದೆವು.

ಒಂದು ಚಿತ್ರದ ಮುಂದೆ ವಿಶ್ಲೇಷಕಿ ನಿಂತರು. ಲೇಪನ ದ್ರಾವಣದ ವಿಸ್ಕಾಸಿಟಿ, ಅಂದರೆ ಅದು ಎಷ್ಟು ಮಂದವಾಗಿದೆ ಅನ್ನುವುದು. ಪಟ್ಟಿಯಲ್ಲಿ ಅದು ತೀರಾ ಕೆಳಗಿತ್ತು. ಪಿಯರ್ಸನ್ 0.04, ಸ್ಪಿಯರ್‌ಮನ್ 0.02. ಚಿತ್ರದಲ್ಲಿ ಚುಕ್ಕಿಗಳು ಬಟ್ಟಲಿನ ಆಕಾರದಲ್ಲಿ ಕೂತಿದ್ದವು. ದ್ರಾವಣ ತೆಳುವಾದರೆ ಹರಿದು ಕಲೆಯಾಗುತ್ತದೆ, ಗಟ್ಟಿಯಾದರೆ ಗೆರೆ ಬೀಳುತ್ತದೆ. ನಡುವೆ ರಿಜೆಕ್ಷನ್ ಕಡಿಮೆ. ಎಡಗಡೆ ಇಳಿಜಾರು, ಬಲಗಡೆ ಏರು. ಎರಡೂ ಸೇರಿ ಸೊನ್ನೆ.

"ಸರ್, ಇದು ನಮ್ಮ ಪಟ್ಟಿಯಲ್ಲಿ ಎಂದೂ ಬರುತ್ತಿರಲಿಲ್ಲ" ಅಂದರು ವಿಶ್ಲೇಷಕಿ. ಅದು ನಿಜ. ಪಿಯರ್ಸನ್ ನೇರ ಗೆರೆಯನ್ನು ಹುಡುಕುತ್ತದೆ. ಸ್ಪಿಯರ್‌ಮನ್ ಬಾಗಿದ್ದರೂ ಒಂದೇ ದಿಕ್ಕಿಗೆ ಹೋಗುವುದನ್ನು ಹಿಡಿಯುತ್ತದೆ. ಇಳಿದು ಮತ್ತೆ ಏರುವುದು ಎರಡರ ಕಣ್ಣಿಗೂ ಬೀಳುವುದಿಲ್ಲ. 2007ರಲ್ಲಿ ಬಂದ ಡಿಸ್ಟೆನ್ಸ್ ಕೊರಿಲೇಷನ್ ಇಂಥ ಆಕಾರಗಳನ್ನೂ ಗುರುತಿಸುತ್ತದೆ. ಅದನ್ನು ಓಡಿಸಿದಾಗ ವಿಸ್ಕಾಸಿಟಿ ಎರಡನೇ ಸ್ಥಾನಕ್ಕೆ ಬಂತು.

ಹೊಸ ಬ್ಯಾಚ್‌ಗಳಲ್ಲಿ ಏನಾಯಿತು

ಈ ಮೂರನ್ನೂ ಹುಡುಕಿದ್ದು ಅದೇ 140 ಬ್ಯಾಚ್‌ಗಳಲ್ಲಿ. ವಿಸ್ಕಾಸಿಟಿಯನ್ನಂತೂ ಕಣ್ಣಲ್ಲಿ ನೋಡಿ ಆರಿಸಿದ್ದು. ಕಣ್ಣಿಗೆ ಆಕಾರ ಕಾಣುವ ಚಟ ಇದೆ. ಹಾಗಾಗಿ ಸಾಕ್ಷಿಗೆ ಹೊಸ ಡೇಟಾ ಬೇಕಿತ್ತು.

ಮುಂದಿನ 40 ಬ್ಯಾಚ್‌ಗಳು ಬರುವ ಮೊದಲೇ ಒಂದು ಹಾಳೆಯಲ್ಲಿ ಮೂರು ವಾಕ್ಯ ಬರೆದು ದಿನಾಂಕ ಹಾಕಿದರು. ತೇವಾಂಶ ಏರಿದರೆ ರಿಜೆಕ್ಷನ್ ಏರುತ್ತದೆ. ಎಳೆತದ ಏರಿಳಿತ ಜಾಸ್ತಿಯಾದರೆ ರಿಜೆಕ್ಷನ್ ಏರುತ್ತದೆ. ವಿಸ್ಕಾಸಿಟಿ ಇಂಥ ಎರಡು ಬೆಲೆಗಳ ನಡುವೆ ಇದ್ದರೆ ರಿಜೆಕ್ಷನ್ ಹೊರಗಿನದಕ್ಕಿಂತ ಕಡಿಮೆ. ದಿಕ್ಕು, ಗಡಿ ಎಲ್ಲವೂ ಮೊದಲೇ ತೀರ್ಮಾನ. ಆಮೇಲೆ ಗಡಿ ಸರಿಸುವ ಹಾಗಿಲ್ಲ.

ತೇವಾಂಶಕ್ಕೆ 0.34 ಬಂತು. ಎಳೆತಕ್ಕೆ 0.02. ವಿಸ್ಕಾಸಿಟಿಯ ಮಾತು ನಿಂತಿತು, ವ್ಯತ್ಯಾಸ ಸ್ಪಷ್ಟವಾಗಿತ್ತು.

ಎಳೆತವನ್ನು ಸುಳ್ಳು ಅಂತ ಹರಿದು ಹಾಕಲು ಎಲ್ಲರೂ ಸಿದ್ಧರಿದ್ದರು. ನಾನು ಅಷ್ಟಕ್ಕೆ ಒಪ್ಪಲಿಲ್ಲ. 40 ಬ್ಯಾಚ್‌ಗಳಲ್ಲಿ 0.02 ಬಂದರೆ, ಶೇಕಡಾ 95ರ ವ್ಯಾಪ್ತಿ ಮೈನಸ್ 0.29ರಿಂದ 0.33ರವರೆಗೆ ಚಾಚುತ್ತದೆ. ನಿಜವಾದ ಬೆಲೆ 0.25 ಇದ್ದರೂ ಹೀಗೆ ಬರಬಹುದು. ಅದೇ ಲೆಕ್ಕದಲ್ಲಿ ತೇವಾಂಶದ 0.34 ಕೂಡ 0.03ರಿಂದ 0.59ರವರೆಗೆ ಎಲ್ಲಿ ಬೇಕಾದರೂ ಇರಬಹುದು. ಒಂದಕ್ಕೆ ಈ ವಿನಾಯಿತಿ ಕೊಟ್ಟು ಇನ್ನೊಂದಕ್ಕೆ ಕೊಡದಿದ್ದರೆ ಅದು ನ್ಯಾಯ ಅಲ್ಲ. ಎಳೆತವನ್ನು ಕಾಯುವ ಪಟ್ಟಿಗೆ ಹಾಕಿದರು.

ಕೊನೆಯ ಹೆಜ್ಜೆ ಕೊರಿಲೇಷನ್‌ನಿಂದ ಹೊರಗಿನದು. ವಿಸ್ಕಾಸಿಟಿಯನ್ನು ಬೇಕೆಂದಂತೆ ಬದಲಿಸಬಹುದು, ದ್ರಾವಕ ಸೇರಿಸಿದರೆ ಸಾಕು. ಕಡಿಮೆ, ಮಧ್ಯಮ, ಹೆಚ್ಚು ಅಂತ ಮೂರು ಮಟ್ಟ ಆರಿಸಿ, ಯಾವ ಬ್ಯಾಚ್‌ಗೆ ಯಾವುದು ಅನ್ನುವುದನ್ನು ಚೀಟಿ ಎತ್ತಿದ ಹಾಗೆ ಕಂಪ್ಯೂಟರ್ ತೀರ್ಮಾನಿಸಿತು. ಹೀಗೆ ಮಾಡಿದರೆ ಸರ್ವೀಸ್, ಪಾಳಿ, ಹವೆ ಯಾವುದೂ ಒಂದೇ ಮಟ್ಟದ ಜೊತೆ ಅಂಟಿಕೊಳ್ಳುವುದಿಲ್ಲ. ಮಧ್ಯದ ಮಟ್ಟ ಗೆದ್ದಿತು. ರಿಜೆಕ್ಷನ್ ಎಷ್ಟು ಇಳಿಯಿತು ಅನ್ನುವುದು ಅವರ ಒಳಗಿನ ಅಂಕಿ, ಬರೆಯುವ ಹಾಗಿಲ್ಲ. ಪ್ರತಿ ಬ್ಯಾಚ್‌ಗೆ ಮುಂಚೆ ವಿಸ್ಕಾಸಿಟಿ ಅಳೆದು ಗಡಿಯೊಳಗೆ ತರುವುದನ್ನು ನಿಯಮ ಮಾಡಿದರು.

ಬೇರೆಯವರು ಇದರಿಂದ ಏನು ತೆಗೆದುಕೊಳ್ಳಬಹುದು

ನನ್ನ ಲೆಕ್ಕದಲ್ಲಿ ಈ ಪ್ರಕರಣದ ಗಟ್ಟಿ ಪಾಠ ಜೋಡಿಸಿದ ಪಟ್ಟಿಯ ಬಗ್ಗೆ. ನೂರಾರು ಕಾಲಂಗಳಿರುವಾಗ ತುದಿಗೆ ಬರುವುದಕ್ಕೆ ಹಲವು ದಾರಿಗಳಿವೆ. ಪರಿಣಾಮವೇ ಆಗಿರುವುದು, ಸಂಪರ್ಕ ತಪ್ಪಿದ ಸಂಕೇತ, ಕಡಿಮೆ ಸಾಲು, ಒಂದೇ ದಿನ ಬದಲಾದದ್ದು, ಬರೀ ಅದೃಷ್ಟ. ನಿಜವಾದ ಕಾರಣ ಆಗಿರುವುದು ಇವುಗಳ ಜೊತೆಗಿನ ಇನ್ನೊಂದು ದಾರಿ ಮಾತ್ರ, ಅದೂ ಇಲ್ಲಿ ತುದಿಯಲ್ಲಿರಲಿಲ್ಲ. ತಂಡ ಈಗ ಪಟ್ಟಿಯನ್ನು ಹಂಚುವಾಗ ಪ್ರತಿ ಅಂಕಿಯ ಪಕ್ಕ ಎಷ್ಟು ಸಾಲುಗಳಿಂದ ಬಂದದ್ದು, ವ್ಯಾಪ್ತಿ ಎಷ್ಟು ಅನ್ನುವುದನ್ನೂ ಬರೆಯುತ್ತದೆ. ಅದರ ಕೆಳಗೆ ಕಲಸಿದ ಡೇಟಾದ ಪಟ್ಟಿಯೂ ಇರುತ್ತದೆ.

ಕ್ರಮದ ಬಗ್ಗೆ ಒಂದು ಮಾತು. ಗುಂಪು ಮಾಡುವುದನ್ನು ನಾವು ಕೊನೆಗೆ ಇಟ್ಟುಕೊಂಡಿದ್ದೆವು. ಮತ್ತೆ ಇಂಥ ಕೆಲಸ ಬಂದರೆ ಕಾಲಂ ತೊಳೆದ ಕೂಡಲೇ ಗುಂಪು ಮಾಡಿ, ಪ್ರತಿ ಪ್ರತಿನಿಧಿಯನ್ನೂ ಮೊದಲು ಕಾಲದ ಎದುರಿಗೆ ಚಿತ್ರ ಹಾಕಿ ನೋಡಿ, ಆಮೇಲೆ ಕೊರಿಲೇಷನ್‌ಗೆ ಕೈ ಹಾಕುವುದು ವಾಸಿ. ಮೆಟ್ಟಿಲು ಮೊದಲ ವಾರವೇ ಕಾಣುತ್ತಿತ್ತು. ಹೀಟ್‌ಮ್ಯಾಪ್ ಬೇಕೇ ಬೇಕು ಅನ್ನುವವರು ಗುಂಪಿನ ಕ್ರಮದಲ್ಲಿ ಕಾಲಂ ಜೋಡಿಸಿ ಹಾಕಿ. ಅಕ್ಷರಮಾಲೆ ಕ್ರಮದಲ್ಲಿ ಹಾಕಿದ ಹೀಟ್‌ಮ್ಯಾಪ್‌ಗೆ ಗೋಡೆಗೆ ತೂಗು ಹಾಕುವುದರ ಹೊರತು ಬೇರೆ ಉಪಯೋಗ ನನಗೆ ಕಂಡಿಲ್ಲ.

ಇನ್ನೂ ಬಾಕಿ ಇರುವುದು

ಪಕ್ಕಕ್ಕಿಟ್ಟ 28 ಕಾಲಂಗಳು ಹಾಗೇ ಇವೆ. ಹೊಸ ಸೆನ್ಸರ್‌ಗಳಿಗೆ ಖರ್ಚು ಮಾಡಿದ ಮುಖ್ಯಸ್ಥರು ಅವು ಯಾವಾಗ ಉಪಯೋಗಕ್ಕೆ ಬರುತ್ತವೆ ಅಂತ ಕೇಳುತ್ತಲೇ ಇರುತ್ತಾರೆ. ಅದಕ್ಕೆ ಲೆಕ್ಕದ ಉತ್ತರ ಇದೆ. 0.3ರಷ್ಟು ನಿಜವಾದ ಕೊರಿಲೇಷನ್ ಇದ್ದರೆ, ಅದನ್ನು ಐದರಲ್ಲಿ ನಾಲ್ಕು ಸಲ ಹಿಡಿಯಲು ಒಂದೇ ಕಾಲಂ ಆದರೆ ಸುಮಾರು 85 ಬ್ಯಾಚ್ ಸಾಕು. 28 ಕಾಲಂಗಳನ್ನೂ ಒಟ್ಟಿಗೆ ಪರೀಕ್ಷಿಸಿ ಬೊನ್‌ಫೆರೋನಿ ಗೆರೆ ಹಾಕಿದರೆ ಸುಮಾರು 167 ಬೇಕು. ಕಾಲಂಗಳನ್ನು ಮೊದಲೇ ಏಳು ಪ್ರತಿನಿಧಿಗಳಿಗೆ ಇಳಿಸಿದರೆ ಕಾಯುವುದು ಕಡಿಮೆಯಾಗುತ್ತದೆ. ಯಾವ ಏಳು ಅನ್ನುವುದನ್ನು ಉತ್ಪಾದನೆಯವರು ಬರೆದು ಕೊಟ್ಟಿದ್ದಾರೆ. ಅಷ್ಟು ಬ್ಯಾಚ್ ಆಗುವವರೆಗೆ ಆ ಕಾಲಂಗಳನ್ನು ರಿಜೆಕ್ಷನ್ ಎದುರಿಗೆ ಯಾರೂ ಹಾಕಿ ನೋಡಬಾರದು ಅಂತ ಒಪ್ಪಂದ ಆಗಿದೆ.